ಹಳೇ ಕಾರಿನ ಐದನೇ ಟೈರು

ಕಳೆದುಹೋದ ಐದನೇ ಟೈರಿನ ಜಾಗಕ್ಕೆ ಇನ್ನೊಂದು ಬರುವವರೆಗೆ ಕಿರಿಯ ಅಳಿಯ ಹೊಸ್ತಿಲು ದಾಟುವಂತಿಲ್ಲ ಎಂದು ದರ್ಜಿ ಅಪ್ಪ ಕಡ್ಡಿ ಮುರಿದಂತೆ ಹೇಳಿ ವರ್ಷಗಳೇ ಆಗಿದ್ದವು. ಅವರ ಹಳೇ ಕಾರಿನ ಡಿಕ್ಕಿಯಿಂದ ಸ್ಟೆಪ್ನಿ ಮಾಯವಾದ ವಾರ ಕಾರು ತೊಳೆದವನು ಆ ಅಳಿಯನೇ. ಅಷ್ಟು ಸಾಕಾಯಿತು. "ಸೋಪು ಹಚ್ಚಿ ಟೈರು ಜಾರಿಸ್ಕೊಂಡು ಹೋದ" ಎಂದು ಬಟ್ಟೆ ಹೊಲಿಸಲು ಬಂದವರಿಗೆಲ್ಲ ಅಪ್ಪ ಎದೆಯಳತೆ ತೆಗೆಯುತ್ತಲೇ ಹೇಳುತ್ತಿದ್ದರು.

ಆ ಅಳತೆಯ ಟೈರು ಈಗ ತಯಾರಾಗುತ್ತಿರಲಿಲ್ಲ. ಕಿರಿಯ ಮಗಳು ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದಳು. ಒಂದೊಂದು ಸಲ, ಗಂಡ ಕನ್ನಡಿ ಮುಂದೆ ಹಲ್ಲುಜ್ಜುವಾಗ, ಹಿಂದೆ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ಇವನೇ ಇರಬಹುದೇ?

ಅಷ್ಟರಲ್ಲಿ ಅಕ್ಕನ ಫೋನು. "ಟೈರ್ ಸಿಕ್ತು ಕಣೇ. ಹೇಳಿ ಮಾಡಿಸಿದ ಹಾಗಿದೆ."

"ಎಲ್ಲಿ ಸಿಕ್ತು?"

"ಸಿಕ್ತಲ್ಲ, ಅದರ ಜಾತಕ ಯಾಕೆ ನಿಂಗೆ?"

ಊರೆಲ್ಲ ಅಲೆದರೂ ತನಗೆ ಸಿಗದ್ದು ಮನೆಯಿಂದ ಕದಲದ ಅಕ್ಕನಿಗೆ ಹೇಗೆ ಸಿಕ್ಕಿತು? ಗಾಳಿ ತುಂಬಿಸಲೆಂದು ಅಕ್ಕ ಅದನ್ನು ತಂದಿದ್ದ ಟೈರ್ ಅಂಗಡಿಗೆ ಹೋಗಿ ನೋಡಿದಾಗ ಅನುಮಾನ ಇನ್ನೂ ಬಲವಾಯಿತು. ರಿಮ್ಮಿಗೆ ಬಳಿದ ಕಪ್ಪು ಬಣ್ಣ ಬೆರಳಿಗೆ ಅಂಟುತ್ತಿತ್ತು.

ಗಾಳಿ ತುಂಬುವ ಮುಂಚೆ ಅಂಗಡಿಯವನು ಒಳಗಿನ ಟ್ಯೂಬ್ ಎಳೆದು ನಕ್ಕ. "ಇದೇನ್ರಿ, ಪಂಚರ್ ಹಾಕಿದಾರೋ, ಲಂಗಕ್ಕೆ ತೇಪೆ ಹಾಕಿದಾರೋ?"

ರಬ್ಬರ್ ತೇಪೆಯ ಸುತ್ತ ಹಲ್ಲು ಹಲ್ಲಾದ ಅಂಚು. ಬಟ್ಟೆಯ ಅಂಚು ಬಿಚ್ಚದಿರಲೆಂದು ದರ್ಜಿಗಳು ಬಳಸುವ ಕತ್ತರಿಯಿಂದ ಪಂಚರ್ ತೇಪೆಯನ್ನೂ ಕತ್ತರಿಸುತ್ತಿದ್ದವರು ಲೋಕದಲ್ಲಿ ಒಬ್ಬರೇ. 'ನೂಲು ಬಿಡಬಾರದು ನೋಡು' ಎಂದು ರಬ್ಬರಿಗೂ ಹೇಳುತ್ತಿದ್ದ ಅಪ್ಪ. ಹೊರಗೆಲ್ಲ ಬಣ್ಣ ಬಳಿದ ಅಕ್ಕ ಒಳಗಿನದನ್ನು ಮರೆತಿದ್ದಳು.

"ನೀನೇನಾ?"

ಅಕ್ಕ ಸೆರಗಿನ ತುದಿ ಹಿಂಡಿದಳು. "ಅಪ್ಪಂಗೆ ಕಣ್ಣು ಮಂಜಾಗಿತ್ತು ಕಣೇ. ಕಾರು ಓಡಿಸೋದು ಬೇಡ ಅಂದ್ರೆ ಕೇಳೋರಾ? ಸ್ಟೆಪ್ನಿ ಇಲ್ಲ ಅಂದ್ರೆ ದೂರ ಹೋಗಲ್ಲ ಅಂತ ನಮ್ಮ ಅಟ್ಟಕ್ಕೆ ಸಾಗಿಸ್ದೆ. ನಿನ್ನ ಗಂಡನ ತಲೆಗೆ ಕಟ್ತಾರೆ ಅಂತ ಗೊತ್ತಿರ್ಲಿಲ್ಲ."

"ಗೊತ್ತಾದ ಮೇಲೆ?"

"ನೀನು ಗುಜರಿ ಅಲೆಯೋದು ನೋಡಕ್ಕಾಗ್ಲಿಲ್ಲ, ಅದಕ್ಕೇ ತಂದೆ. ಬೇರೇದು ಅಂತ ಕೊಟ್ಟುಬಿಡೋಣ. ನಿನ್ನ ಗಂಡ ಒಳಗೆ ಬರ್ತಾನೆ, ಮುಗೀತು."

"ಕಳ್ಳನಾಗೇ ಬರ್ತಾನೆ," ಎಂದ ಕಿರಿಯವಳು ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಅಕ್ಕ ಹಿಂದೆಯೇ ಬಂದಳು. ಅಂಗಡಿಯವನು ಟೈರನ್ನು ಸ್ಕೂಟರಿಗೆ ಕಟ್ಟಿ ತಂದ.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಪ್ಪ ತೇಪೆಯ ಮೇಲೆ ಹೆಬ್ಬೆರಳು ಆಡಿಸಿದರು. "ನಂದೇ ಇದು. ಕೊನೆಗೂ ವಾಪಸ್ ಕೊಟ್ನಾ?"

"ಅವರಲ್ಲ ಅಪ್ಪ. ಅಕ್ಕ ಬಚ್ಚಿಟ್ಟಿದ್ಲು."

"ಹೌದಪ್ಪ, ನಾನೇ," ಎಂದಳು ಅಕ್ಕ. "ನಿಮಗೆ ಕಣ್ಣು ಕಾಣ್ಸಲ್ಲ ಅಂತ."

ಅಪ್ಪ ಇಬ್ಬರನ್ನೂ ಅಳೆದು ನೋಡಿದರು. "ಅವನನ್ನ ಉಳಿಸೋಕೆ ಇಬ್ರೂ ಸೇರಿ ಕಥೆ ಹೊಲಿದಿದ್ದೀರ. ನಂಗೇನು ಕಣ್ಣು ಕಾಣ್ಸಲ್ವಾ? ಗೇಟ್ ಹತ್ರ ನಿಂತಿದಾನಲ್ಲ ನಿನ್ನ ಗಂಡ, ಒಳಗೆ ಬರೋಕೆ ಮುಖ ಇಲ್ಲದೆ."

ಹೆಣ್ಣುಮಕ್ಕಳು ಕಿಟಕಿಯತ್ತ ತಿರುಗಿದರು. ಗೇಟಿನ ಬಳಿ ಟೈರ್ ಅಂಗಡಿಯವನು ಹಗ್ಗ ಬಿಚ್ಚುತ್ತಿದ್ದ. ದಪ್ಪ ಮೀಸೆ, ಅಳಿಯನ ಎರಡರಷ್ಟು ಮೈ. ಕಿರಿಯವಳು ತಿರುಗಿ ಅಪ್ಪನ ಕಣ್ಣುಗಳನ್ನೇ ನೋಡಿದಳು.

ಅಪ್ಪನ ಹೆಬ್ಬೆರಳು ತೇಪೆಯ ಮೇಲೆ ನಿಂತಿತು.

"ಯಾರದು?"

"ಟೈರ್ ಅಂಗಡಿಯವರು ಅಪ್ಪ."

ಅವರು ಯಂತ್ರದ ಚಕ್ರವನ್ನು ಹಿಂದೆ ಮುಂದೆ ತಿರುಗಿಸಿದರು. "ನಿನ್ನ ಗಂಡ ಎಲ್ಲಿ?"

"ಮನೇಲಿ."

"ಬರಕ್ಕೆ ಹೇಳು. ಕಾಫಿ ಇಲ್ಲೇ ಕುಡೀಲಿ." ಟ್ಯೂಬನ್ನು ಮಡಚಿ ಪಕ್ಕಕ್ಕಿಟ್ಟರು. "ಇನ್ಮೇಲೆ ಕಾರು ಅವನೇ ಓಡಿಸ್ಲಿ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಕಿರಿಯವಳು ಫೋನು ತೆಗೆಯುವಷ್ಟರಲ್ಲಿ ಮತ್ತೆ ಕರೆದರು.

"ಡಿಕ್ಕಿ ಬೀಗದ ಕೈ ಮಾತ್ರ ನನ್ನ ಹತ್ರಾನೇ ಇರುತ್ತೆ. ನಿಮ್ಮಕ್ಕನ ಕೈಗೆ ಸಿಗಬಾರ್ದು."