ಸೆನ್ನೆಯ ಬಾಗಿಲಿನ ಬನ್ ಚೀಲ

ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುವ ಒಂದು ಸುಳ್ಳಿತ್ತು. ಹೊರಗಿನವರು ಯಾರೇ ಬಂದು ಸೆನ್ನೆ ಇದ್ದಾನಾ ಅಂತ ಕೇಳಿದರೆ, ಇಲ್ಲ, ಸೈಕಲ್ಲಲ್ಲಿ ಬೆಟ್ಟ ಹತ್ತೋ ಅಭ್ಯಾಸಕ್ಕೆ ಸ್ಪೇನಿಗೆ ಹೋಗಿದ್ದಾನೆ ಅನ್ನಬೇಕು. ಮಾಂಸದಂಗಡಿಯವನೂ ಅದನ್ನೇ ಹೇಳುತ್ತಿದ್ದ, ಪಾದ್ರಿಗಳೂ ಅದನ್ನೇ ಹೇಳುತ್ತಿದ್ದರು. ಹೇಳದೆ ಏನು ಮಾಡೋದು? ಏಪ್ರಿಲ್ಲಿನ ದೊಡ್ಡ ಸೈಕಲ್ ರೇಸಿನಲ್ಲಿ ಕಲ್ಲುಹಾಸಿನ ದಿಣ್ಣೆ ಮೇಲೆ ಎಲ್ಲರನ್ನೂ ಹಿಂದೆ ಹಾಕಿ ಅವನು ಗೆದ್ದಿದ್ದೇ ತಡ, ಸಹಿ ಬೇಕು, ಫೋಟೋ ಬೇಕು ಅಂತ ಬೆಳಗಾಗೋ ಮೊದಲೇ ಜನ ಬಂದು ಗಂಟೆ ಒತ್ತುತ್ತಿದ್ದರು. ಕೊನೆಗೆ ಅವನು ಕರೆಗಂಟೆಯನ್ನೇ ಕಿತ್ತುಹಾಕಿದ.

ನನ್ನ ಬೇಕರಿ ಇರೋದು ಅವನ ಮನೆ ಎದುರಿಗೇ. ನಮ್ಮ ಯಜಮಾನರು, ಓಡೀಲ್, ಅವನ ಅಭಿಮಾನಿ ಸಂಘದ ಅಧ್ಯಕ್ಷರು. ಹಿಟ್ಟಿನ ಗೊಡವೆಗಿಂತ ಸಂಘದ ಗೊಡವೆಯೇ ಅವರಿಗೆ ಹೆಚ್ಚು. ರೇಸಿನ ಹಿಂದಿನ ದಿನ ರಸ್ತೆ ತುಂಬ ಬಿಳಿ ಬಣ್ಣದಲ್ಲಿ ಸೆನ್ನೆಯ ಹೆಸರು ಬರೆದು, ಮಂಡಿ ಹಿಡಿದುಕೊಂಡು ಮನೆಗೆ ಬರೋರು. ನನ್ನ ಪಾಲಿಗಿದ್ದದ್ದು ಭಾನುವಾರದ ದ್ರಾಕ್ಷಿ ಬನ್ ಮಾತ್ರ. ಹುಡುಗರ ರೇಸಿನಲ್ಲಿ ಅವನು ಮೊದಲ ಸಲ ಗೆದ್ದಾಗ ಕೊಟ್ಟಿದ್ದೆ, ಅದು ರೂಢಿಯಾಗಿಬಿಟ್ಟಿತು. ಭಾನುವಾರ ಅಂಗಡಿ ತೆಗೆಯೋ ಮುಂಚೆ ಬಿಸಿ ಬನ್ನಿನ ಚೀಲ ಅವನ ಬಾಗಿಲ ಹಿಡಿಗೆ ತೂಗುಹಾಕಿ ಬರೋದು, ಅಷ್ಟೇ.

ಆ ಗೆಲುವಾದ ಮೇಲೆ ಪತ್ರಿಕೆಯವರು ಶುರುಮಾಡಿಕೊಂಡರು. ಇಷ್ಟು ವೇಗ ಹೇಗೆ ಬಂತು, ಹೋದ ವರ್ಷ ಇರಲಿಲ್ಲವಲ್ಲ ಅಂತ. ಯಾರೋ ರಸ್ತೆ ಮೇಲೆ ಅವನ ಹೆಸರಿನ ಪಕ್ಕ ದೊಡ್ಡದೊಂದು ಇಂಜೆಕ್ಷನ್ ಸೂಜಿ ಬರೆದು ಹೋಗಿದ್ದರು. ಓಡೀಲ್ ಅದರ ಮೇಲೆ ಬಣ್ಣ ಬಳಿದು ಬಂದರು. ಹೊಟ್ಟೆಕಿಚ್ಚಿನ ಮುಂಡೇವು ಅಂತ ನಾನೂ ಬೈದೆ. ನಾನು ಅವನನ್ನು ನಂಬಿದ್ದೆ. ಹುಡುಗ ಚಡ್ಡಿ ಹಾಕಿಕೊಂಡು ನನ್ನ ಅಂಗಡಿ ಮುಂದೆ ಬಿದ್ದು ಮಂಡಿ ತರಚಿಕೊಂಡಾಗಿನಿಂದ ನೋಡಿದವಳು ನಾನು, ನಂಬದೆ ಇನ್ನೇನು?

ಈ ಸವಾರರಿಗೆ ಒಂದು ಕಟ್ಟುಪಾಡಿದೆ. ದಿನಕ್ಕೊಂದು ಗಂಟೆ ಎಲ್ಲಿರುತ್ತೇವೆ ಅಂತ ಮೊದಲೇ ತಿಳಿಸಿರಬೇಕು. ವೇಗ ಹೆಚ್ಚಿಸೋ ಮದ್ದು ತಗೊಂಡಿದ್ದಾರಾ ಅಂತ ಪರೀಕ್ಷೆ ಮಾಡೋರು ಹೇಳದೆ ಕೇಳದೆ ಬರುತ್ತಾರೆ. ವರ್ಷದಲ್ಲಿ ಮೂರು ಸಲ ಸಿಗದೇ ಹೋದರೆ ಮದ್ದು ತಗೊಂಡ ಲೆಕ್ಕವೇ. ಸೆನ್ನೆ ಆಗಲೇ ಎರಡು ಸಲ ತಪ್ಪಿಸಿಕೊಂಡಿದ್ದ. ಒಂದು ಸಲ ವಿಮಾನ ತಡವಾಯಿತು ಅಂದ, ಇನ್ನೊಂದು ಸಲ ಮರೆತೆ ಅಂದ. ನಾವು ಹೂಂ ಅಂದೆವು.

ಹೀಗಿರುವಾಗ ಒಂದು ಭಾನುವಾರ ಚೀಲ ತೂಗುಹಾಕಿ ಬಂದು ಬಾಗಿಲು ತೆಗೆದಿದ್ದೆ. ಗುರುತಿಲ್ಲದ ಒಬ್ಬ ಹೆಂಗಸು, ಒಬ್ಬ ಗಂಡಸು ಒಳಗೆ ಬಂದರು. ಎದುರು ಮನೆ ಬಾಗಿಲು ಬಡಿದು ಸಾಕಾಗಿತ್ತು ಅಂತ ಕಾಣುತ್ತೆ. ಇದ್ದಾನಾ ಅಂದರು. ಸಹಿ ಕೇಳೋ ಗಿರಾಕಿಗಳು ಅಂದುಕೊಂಡು, ಇಲ್ಲ, ಸ್ಪೇನಿಗೆ ಹೋಗಿದ್ದಾನೆ ಅಂದೆ. ಅವರು ಹೆಚ್ಚು ಹೊತ್ತು ಕಾಯದೆ ಕಾರು ಹತ್ತಿ ಹೋದರು. ಮಧ್ಯಾಹ್ನ ಅಂಗಡಿ ಮುಚ್ಚೋವಾಗ ನೋಡಿದರೆ ಚೀಲ ಹಿಡಿಯಲ್ಲೇ ಇತ್ತು, ಮಂಜಿಗೆ ನೆನೆದು ಮುದ್ದೆಯಾಗಿತ್ತು. ಮಲಗಿರಬೇಕು ಪಾಪ ಅಂದುಕೊಂಡು ತಂದು ಕೋಳಿಗಳಿಗೆ ಹಾಕಿದೆ. ಆಮೇಲೆ ಅದನ್ನು ಮರೆತೂಬಿಟ್ಟೆ.

ಮಂಗಳವಾರ ಸೆನ್ನೆ ಹಿತ್ತಿಲ ಬಾಗಿಲಿಂದ ಒಳಗೆ ಬಂದ. ಮುಖ ಇಳಿದುಹೋಗಿತ್ತು. ಓಡೀಲ್ ಅವನ ಬೆನ್ನಿಗೇ ಬಂದರು. ಬಂದಿದ್ದವರು ಪರೀಕ್ಷೆಯವರಂತೆ, ಇದು ಮೂರನೆಯ ಸಲವಂತೆ. ನನ್ನ ಮಾತು ನಂಬಿ, ಕಾಯಬೇಕಾದ ಒಂದು ಗಂಟೆ ಪೂರ್ತಿ ಕಾಯದೆ ಅವರು ಹೊರಟುಹೋಗಿದ್ದರಿಂದ ಇನ್ನೂ ಒಂದು ದಾರಿ ಇದೆ ಅಂದಳಂತೆ ಅವನ ವಕೀಲೆ. ಅವನು ಮನೆಯಲ್ಲೇ ಇದ್ದ, ನಾನು ಹೇಳಿದ್ದು ಬೀದಿಯವರ ಮಾಮೂಲಿ ಸುಳ್ಳು ಅಂತ ನಾನು ಒಪ್ಪಿಕೊಂಡರೆ ಸಾಕು, ಅವನು ಉಳಿದುಕೊಳ್ಳುತ್ತಾನೆ. ಅವಳು ಆಗಲೇ ಫೋನಿನಲ್ಲಿದ್ದಳು. ಸೆನ್ನೆ ಫೋನನ್ನು ಹಿಟ್ಟಿನ ಮೇಜಿನ ಮೇಲಿಟ್ಟ.

ನಾನು ಹೇಳೋದಕ್ಕೆ ತಯಾರಾಗಿಯೇ ಇದ್ದೆ. ಸುಳ್ಳು ಹೇಳಿದವಳು ನಾನೇ ತಾನೆ? ನನ್ನಿಂದ ಹುಡುಗನ ಬಾಳು ಹಾಳಾಯಿತಲ್ಲ ಅಂತ ಫೋನಿನ ಹತ್ತಿರಕ್ಕೆ ಬಂದೆ.

"ನಾನು ಒಳಗೇ ಇದ್ದೆ ಲುಟ್ ಅತ್ತೆ," ಅಂದ ಸೆನ್ನೆ. "ಮೇಲಿನ ರೂಮಲ್ಲಿದ್ದೆ, ಬಡಿದಿದ್ದು ಕೇಳಿಸಲಿಲ್ಲ. ಅದಕ್ಕೂ ಮುಂಚೆನೇ ಕೆಳಗೆ ಬಂದು ನಿಮ್ಮ ಬನ್ ತಗೊಂಡು ಹೋಗಿ ತಿಂದಿದ್ದೆ. ಇನ್ನೂ ಬಿಸಿಬಿಸಿ ಇತ್ತು."

"ಯಾವ ಬನ್ನೋ?"

"ದ್ರಾಕ್ಷಿದು. ಯಾವಾಗಲೂ ಕೊಡ್ತೀರಲ್ಲ, ಅದೇ."

ನೋಡಿದರೆ ಅವನ ಕಣ್ಣು ನೆಟ್ಟಗೆ ನನ್ನನ್ನೇ ನೋಡುತ್ತಿತ್ತು. ದಿಣ್ಣೆ ಗೆದ್ದ ದಿನ ಟಿವಿಯಲ್ಲಿ, ನಾನೇನೂ ತಗೊಂಡಿಲ್ಲ ಅಂದಾಗಲೂ ಹೀಗೇ ನೆಟ್ಟಗೆ ನೋಡಿದ್ದ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಒಳಗೆ ಎಲ್ಲ ಮರಗಟ್ಟಿಹೋಗಿತ್ತು.

ವಕೀಲೆ ಕೇಳಿದಳು, ಅಮ್ಮಾ, ಆವತ್ತು ಅವನು ಮನೆಯಲ್ಲಿದ್ದ ಅಂತ ನಿಮಗೆ ಖಾತ್ರಿ ಇದೆಯಾ ಅಂತ.

"ಬನ್ನಿನ ಚೀಲ ಮಧ್ಯಾಹ್ನದವರೆಗೂ ಬಾಗಿಲಲ್ಲೇ ತೂಗುತ್ತಿತ್ತು," ಅಂದೆ. "ನಾನೇ ತೆಗೆದುಕೊಂಡು ಬಂದು ಕೋಳಿಗೆ ಹಾಕಿದೆ."

ಸೆನ್ನೆ ಫೋನನ್ನೆತ್ತಿ ಜೇಬಿಗಿಟ್ಟುಕೊಂಡ. ಎಲ್ಲಿ ಹೋಗಿದ್ದ, ಏನು ಮಾಡುತ್ತಿದ್ದ, ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೋಗುವಾಗ ಹಿತ್ತಿಲ ಬಾಗಿಲನ್ನು ಮೆತ್ತಗೆ ಎಳೆದುಕೊಂಡು ಹೋದ.

"ಒಂದು ಚೀಲ ಬನ್ ಕಣೇ ಲುಟ್," ಅಂದರು ಓಡೀಲ್. "ಆ ಮಾತು ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಏನೂ ಹೋಗುತ್ತಿರಲಿಲ್ಲ. ಅದನ್ನೇ ಅವರಿಗೂ ಹೇಳಿದೆ.

ಅವನಿಗೆ ಎರಡು ವರ್ಷ ನಿಷೇಧ ಬಿತ್ತು. ಸಂಘದ ಬಾವುಟ ಇಳಿಸಿ ಮಡಚಿ ನಮ್ಮ ಹಿಟ್ಟಿನ ಕೋಣೆಯಲ್ಲಿಟ್ಟಿದ್ದಾರೆ. ಓಡೀಲ್ ನನ್ನ ಹತ್ತಿರ ಅಂಗಡಿಗೆ ಬೇಕಾದಷ್ಟು ಮಾತ್ರ ಮಾತಾಡುತ್ತಾರೆ. ಮಾಂಸದಂಗಡಿಯವನ ಹೆಂಡತಿ ಪಕ್ಕದೂರಿಂದ ಬ್ರೆಡ್ ತರಿಸಿಕೊಳ್ಳುತ್ತಾಳೆ, ತರಿಸಿಕೊಳ್ಳಲಿ.

ಭಾನುವಾರ ಬಂದರೆ ನನ್ನ ಕೈ ತನ್ನಷ್ಟಕ್ಕೆ ತಾನೇ ಒಂದು ಚೀಲಕ್ಕೆ ದ್ರಾಕ್ಷಿ ಬನ್ ತುಂಬಿಡುತ್ತೆ. ನಾನು ಹೋಗೋದಿಲ್ಲ. ಓಡೀಲ್ ಎತ್ತಿಕೊಂಡು ಹೋಗಿ ತೂಗುಹಾಕಿ ಬರುತ್ತಾರೆ. ನಾನು ಗಲ್ಲಾ ಹತ್ತಿರ ನಿಂತು ನೋಡುತ್ತೇನೆ. ಅವರು ರಸ್ತೆ ದಾಟಿ ಈಚೆಗೆ ಬರೋದರೊಳಗೆ ಬಾಗಿಲು ಅಷ್ಟೇ ಅಷ್ಟು ತೆರೆಯುತ್ತೆ, ಒಂದು ಕೈ ಚೀಲವನ್ನು ಒಳಗೆ ಎಳೆದುಕೊಳ್ಳುತ್ತೆ. ಈಗ ಅವನು ದಿನಾ ಬೆಳಗ್ಗೆ ಮನೆಯಲ್ಲೇ ಇರುತ್ತಾನೆ. ಇದ್ದಾನಾ ಅಂತ ಕೇಳೋಕೆ ಯಾರೂ ಬರೋದಿಲ್ಲ.