ಗೋಡೆಗೆ ಅಂಟಿಸಿದ ನಂಬರು

ಭಾಗ್ಯಾಗೆ ವಾರಕ್ಕೊಂದು ರಜೆ. ಆ ದಿನವಾದರೂ ನನ್ನ ಮಗಳು ಬಿಸಿ ರೊಟ್ಟಿ ತಿಂದು ಮಲಗಲಿ ಎಂದರೆ ಫೋನು ಬಿಡುವುದಿಲ್ಲ.

ನರ್ಸಿಂಗ್ ಮುಗಿಸಿ ಗದುಗಿನ ಖಾಸಗಿ ಆಸ್ಪತ್ರೆಗೆ ಸೇರಿ ಐದು ತಿಂಗಳಾಯಿತು. ಗೊತ್ತಿರುವ ಭಾಷೆಗಳು ಯಾವುವು ಎಂದು ಅರ್ಜಿಯಲ್ಲಿ ಕೇಳಿದ್ದರು. ಇವಳು ಕನ್ನಡ, ಉರ್ದು, ಮರಾಠಿ, ಲಂಬಾಣಿ ಎಂದು ಬರೆದಳು. ಉರ್ದು ಪಕ್ಕದ ಮನೆಯ ದಿಲಶಾದಬಿಯಿಂದ ಬಂದದ್ದು, ಲಂಬಾಣಿ ನಮ್ಮ ಹೊಲಕ್ಕೆ ಹತ್ತಿ ಬಿಡಿಸಲು ಬರುವ ತಾಂಡಾದ ಹೆಂಗಸರಿಂದ. ಜೊತೆಗೆ ಸೇರಿದ ಸೀಮಾಗೆ ಕನ್ನಡವೊಂದೇ. ಇಬ್ಬರಿಗೂ ಹನ್ನೆರಡು ಸಾವಿರ. ಸೀಮಾಗೆ ಸಿಗುವುದಕ್ಕೆ ನನ್ನ ತಕರಾರಿಲ್ಲ. ಆದರೆ ರೋಗಿಯ ಮಾತು ತಿಳಿಯದೆ ಬೇರೆ ವಾರ್ಡಿನವರು ಕರೆದಾಗೆಲ್ಲ ಓಡುವವಳು ಇವಳು. ಅಷ್ಟರಲ್ಲಿ ತನ್ನ ವಾರ್ಡಿನ ಕೆಲಸ ಉಳಿಯಿತೆಂದು ಬೈಸಿಕೊಳ್ಳುವವಳೂ ಇವಳೇ.

ಬರುವ ತಿಂಗಳು ಕಾಯಂ ಮಾಡುವಾಗ ಪಗಾರ ಹೆಚ್ಚಿಸಿ ಎಂದು ಕೇಳಲು ನಾನೇ ಹಚ್ಚಿ ಕಳಿಸಿದೆ. ಭಾಷೆಗೆ ಸರ್ಟಿಫಿಕೇಟ್ ಇದೆಯೇ ಎಂದರಂತೆ ಮ್ಯಾನೇಜರು. ಮರುದಿನ, ಮಾತು ತಿಳಿಯದಿದ್ದರೆ ಕರೆಯಿರಿ ಎಂದು ಎಲ್ಲ ವಾರ್ಡಿನ ಗೋಡೆಗೂ ಇವಳ ಫೋನ್ ನಂಬರು ಅಂಟಿಸಿದ್ದರು.

ಇವತ್ತು ಅವಳು ಜಳಕಕ್ಕೆ ಹೋದಾಗ ಫೋನು ಬಂತು. ಮನೆಯಲ್ಲಿಲ್ಲ ಎಂದುಬಿಡೋಣವೆಂದು ಹಿಟ್ಟಿನ ಕೈಯಲ್ಲೇ ಎತ್ತಿದೆ. ಸೀಮಾ. ತಾಂಡಾದ ಅಜ್ಜಿಯೊಬ್ಬಳು ಬಿಪಿ ನೋಡಲು ತೋಳು ಮುಟ್ಟಿಸಿಕೊಳ್ಳುತ್ತಿಲ್ಲವಂತೆ, ಅವಳ ಮಾತು ಯಾರಿಗೂ ತಿಳಿಯುತ್ತಿಲ್ಲವಂತೆ. ಹಿಂದಿನಿಂದ ಅಜ್ಜಿಯ ಅಳು ಕೇಳಿಸಿತು. ಹೊಲದಲ್ಲಿ ಇಪ್ಪತ್ತು ವರ್ಷ ಆ ಭಾಷೆ ಕೇಳಿದವಳು ನಾನು. ಸುಳ್ಳು ಬಾಯಿಗೆ ಬರಲಿಲ್ಲ.

"ಆಕಿ ತೋಳಿಗೆ ಹಾಕ್ಕೊಂಡ ಬಳಿ ತಗೀಬ್ಯಾಡ್ರಿ. ಗಂಡ ಸತ್ತರಷ್ಟ ಅದನ್ನ ತಗಿಯೋದು. ಗಂಡ ಮನ್ಯಾಗ ಅದಾನಂತ ಅಳಾಕತ್ಯಾಳ."

"ಮತ್ತ ಬಿಪಿ ಹ್ಯಾಂಗ ನೋಡ್ಲಿರಿ, ಅವ್ವಾರ?"

ಭಾಗ್ಯಾ ಒದ್ದೆ ತಲೆಯಲ್ಲೇ ಬಂದು ಫೋನು ಕಸಿದುಕೊಂಡಳು. ಕಾಲಿಗೆ ಬಿಪಿ ಪಟ್ಟಿ ಕಟ್ಟಿ ನೋಡಬಹುದೇ ಎಂದು ಡಾಕ್ಟರರನ್ನು ಕೇಳಲು ಹೇಳಿದಳು. ಅಜ್ಜಿಯೊಂದಿಗೆ ಅವಳ ಭಾಷೆಯಲ್ಲೇ ಮಾತಾಡಿದಳು. ಅಳು ನಿಂತಿತು.

ಮುಗಿಯಿತು ಎಂದುಕೊಂಡೆ. ಅವಳು ಫೋನು ಇಡಲಿಲ್ಲ.

"ಸೀಮಾ, ಇದನ್ನ ಕೇಸ್ ಶೀಟಿನ್ಯಾಗ ಬರಿ. ಲಂಬಾಣಿ ಮಾತು, ತಿಳಿಸಿದಾಕಿ ಸಿಸ್ಟರ್ ಭಾಗ್ಯಾ, ರಜಾ ದಿನ, ಟೈಮ್ ಎಷ್ಟು. ಕೆಳಗ ಡಾಕ್ಟರ್ ಸಹಿ ಹಾಕ್ಲಿ. ಇನ್ನ ಮ್ಯಾಲೆ ಪ್ರತಿ ಸಲ ಹಿಂಗ. ಸರ್ಟಿಫಿಕೇಟ್ ಕೇಳ್ಯಾರಲ್ಲ, ತಿಂಗಳಿನ್ಯಾಗ ಇವುಗಳ ಜೆರಾಕ್ಸ್ ಒಂದ್ ಕಟ್ಟು ಒಯ್ದು ಮ್ಯಾನೇಜರ್ ಟೇಬಲ್ ಮ್ಯಾಲೆ ಇಡತೀನಿ."

ಹಂಚಿನ ಮೇಲೆ ರೊಟ್ಟಿ ಕರಕಾಗಿತ್ತು. ಅದನ್ನೂ ಬರೆಸು ಎಂದೆ.