ಕಳುವಾದ ಕೆಂಪು

"ಏ ಕ್ಷಯದ ಸೂಳೆಮಗನ, ಹೂವಿನ ಮ್ಯಾಲ ಉಸರ ಬಿಡಬ್ಯಾಡ. ನಿನ್ನ ರೋಗ ನನ್ನ ಬೀಜಕ್ಕ ಹತ್ತಿದರ ಕಂಪನ್ಯಾವ್ರು ನನ್ನ ಮಾರಿಗೆ ಉಗುಳ್ತಾರ."

ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಕೂತ ಸಾವಕಾರ ಗೋವಿಂದರಾಜನ ಈ ಕೂಗು ಬೇವೂರು ದಾಟಿ ಯಲಬುರ್ಗಾ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತು. ಇಟಗಿ ಗುಡಿಯ ಕಲ್ಲಿನ ಬಸವಣ್ಣ ಕೂಡ ಕಿವಿ ನಿಮಿರಿಸಿದನೆಂದು ಆಮೇಲೆ ಹೋಗಿ ಬಂದವರು ಹೇಳಿದರು.

ಯಮನೂರ ಹೂವಿನಿಂದ ತಲೆ ಎತ್ತಲಿಲ್ಲ. "ಹಂಗಾರ ಸತ್ತು ಮಾಡ್ಲೇನ್ರಿ ಕ್ರಾಸಿಂಗ್?" ಎಂದ. ಹೊಲದಲ್ಲಿದ್ದ ಐವತ್ತು ಹೆಣ್ಣಾಳುಗಳು ಸೆರಗಿನೊಳಗೆ ನಕ್ಕರು.

ಅದು ಹತ್ತಿಬೀಜದ ಹೊಲ. ಸಂಜೆ ಮೊಗ್ಗು ಸುಲಿದು ಗಂಡುಭಾಗ ಕಿತ್ತಿಡಬೇಕು. ಮರುದಿನ ಬೆಳಿಗ್ಗೆ ಗಂಡುಹೂ ತಂದು ಅದಕ್ಕೆ ತಿಕ್ಕಿ ದಾರ ಕಟ್ಟಬೇಕು; ಇದೇ ಕ್ರಾಸಿಂಗ್. ಹೊತ್ತು ನೆತ್ತಿಗೆ ಬಂತೋ, ಆ ದಿನದ ಹೂವೆಲ್ಲ ಕಸ. ಈ ಕೆಲಸದಲ್ಲಿ ಯಮನೂರನನ್ನು ಮೀರಿಸುವ ಬೆರಳು ಕೊಪ್ಪಳ ಜಿಲ್ಲೆಯಲ್ಲೇ ಇರಲಿಲ್ಲ. ಅವನು ಮುಟ್ಟಿದರೆ ಬೇಲಿಯ ಜಾಲಿಗೂ ಹತ್ತಿಕಾಯಿ ಹಿಡಿಯುತ್ತಿತ್ತು. ಅದಕ್ಕೇ ಸಾವಕಾರ ಅವನನ್ನು ಬೈಯುತ್ತಿದ್ದ, ಕೆಲಸ ಬಿಡಿಸುತ್ತಿರಲಿಲ್ಲ. ಬೇಲಿ ಪಕ್ಕದ ಎಂಟು ಸಾಲು ಅವನೊಬ್ಬನಿಗೆ. ಕೇರಿಯವನೆಂದು ಚಹಾ ಮೊದಲಿಂದಲೂ ತೆಂಗಿನ ಚಿಪ್ಪಿನಲ್ಲೇ ಬರುತ್ತಿತ್ತು. ರೋಗ ಬಂದಮೇಲೆ ಚಿಪ್ಪು ಇನ್ನೂ ಹತ್ತು ಹೆಜ್ಜೆ ದೂರ ಹೋಯಿತು.

ರೋಗದಿಂದ ಯಮನೂರನಿಗೆ ಒಂದು ಲಾಭವಾಗಿತ್ತು. ಗುಳಿಗೆ ನುಂಗಿದ ಮೊದಲ ದಿನವೇ ಅವನ ಉಚ್ಚೆ ಕೆಂಪಾಯಿತು. ಮೊದಲು ಹೆದರಿ, ಸತ್ತೆ ಎಂದು ಹೆಂಡತಿ ಪಾರಮ್ಮನ ಕಾಲಿಗೆ ಬಿದ್ದ. ಅದು ಗುಳಿಗೆಯ ಬಣ್ಣ, ಮೈಯಲ್ಲಿ ಔಷಧಿ ಓಡಾಡುತ್ತಿದೆ ಎಂಬುದಕ್ಕೆ ಸಾಕ್ಷಿ ಎಂದು ಆಶಾ ಕಾರ್ಯಕರ್ತೆ ಹಮೀದಾಬಿ ಹೇಳಿದ ಮೇಲೆ ಅವನನ್ನು ಹಿಡಿಯುವವರೇ ಇಲ್ಲ. ತಾನು ಬದುವಿಗೆ ನಿಂತರೆ ತುಂಗಭದ್ರೆ ಕೆಂಪಾಗುತ್ತದೆಂದ. ಬೆವರೂ ಕೆಂಪು, ಕಣ್ಣೀರೂ ಕೆಂಪು, ಹಿಂದಿನ ರಾಜರಿಗೂ ಈ ಭಾಗ್ಯ ಇರಲಿಲ್ಲವೆಂದ. ಮೂವತ್ತೆಂಟು ಕಿಲೊ ಇದ್ದವನು ನಾಲ್ಕು ತಿಂಗಳಲ್ಲಿ ನಲವತ್ನಾಲ್ಕಾದ. ಅವನ ಲೆಕ್ಕದಲ್ಲಿ ತೊಂಬತ್ತು.

ಇನ್ನೆರಡು ತಿಂಗಳು ನುಂಗಿದ್ದರೆ ಮುಗಿಯುತ್ತಿತ್ತು. ಹಮೀದಾಬಿ ತಿಂಗಳಿಗಾಗುವಷ್ಟು ಗುಳಿಗೆಯ ಶೀಟುಗಳನ್ನು ದವಾಖಾನೆಯ ಕಪಾಟಿನಲ್ಲಿ ತೆಗೆದಿಟ್ಟು, ವಾರವಾರ ತಂದುಕೊಡುತ್ತಿದ್ದಳು. ಓದು ಬಾರದ ಯಮನೂರನಿಗೆ ತನ್ನವು ಗೊತ್ತಾಗಲೆಂದು, ತೆಗೆದಿಡುವಾಗಲೇ ಪ್ರತಿ ಶೀಟಿನ ಬೆನ್ನಿಗೆ ಪೆನ್ನಿನಿಂದ ಒಂದು ಮೀಸೆ ಬರೆಯುತ್ತಿದ್ದಳು. ಈ ಸಲ ಅವಳು ಬರಿಗೈಯಲ್ಲಿ ಬಂದಳು. ಕಪಾಟು ಖಾಲಿ, ಸ್ಟಾಕ್ ಇಲ್ಲ, ಬಂದಾಗ ನೋಡೋಣ ಎಂದು ಔಷಧಿ ಕೋಣೆಯವನು ಆಕಳಿಸಿದನಂತೆ.

ನಾಲ್ಕನೆಯ ದಿನ ಯಮನೂರ ಬದುವಿಗೆ ನಿಂತು ಕೆಳಗೆ ನೋಡಿದ. ಬರೀ ನೀರು. ಕೊಟ್ಟಿಗೆಯಿಂದ ಎತ್ತು ಹೊಡಕೊಂಡು ಹೋದ ಮೇಲೆ ಗೂಟ ನೋಡುತ್ತಾ ನಿಂತವನಂತೆ ನಿಂತ. ಅವನ ಅಣ್ಣ ಇದೇ ಗುಳಿಗೆಯನ್ನು ಮೂರು ತಿಂಗಳಿಗೆ ಬಿಟ್ಟು ಆರನೆಯ ತಿಂಗಳಿಗೆ ಮಣ್ಣಾಗಿದ್ದ. ಎಲ್ಲವನ್ನೂ ಹಿಗ್ಗಿಸಿ ಹೇಳುವ ಯಮನೂರ ಆ ಒಂದು ಮಾತನ್ನು ಮಾತ್ರ ಇದ್ದಷ್ಟೇ ಹೇಳುತ್ತಿದ್ದ.

ಆ ಸಂಜೆ ಪಾರಮ್ಮ ಹೊಲದ ಕೂಲಿಯ ಮೇಲೆ ಸಾವಕಾರನ ಮನೆಯ ಸಂಡಾಸ, ಬಟ್ಟೆ ತೊಳೆಯುವ ಕೆಲಸವನ್ನೂ ಮುಗಿಸಿ ಬಂದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಿನ್ನ ಬಣ್ಣ ಸಿಕ್ತು ನೋಡು," ಅಂದಳು. "ಸಾವ್ಕಾರನ ಸಂಡಾಸದಾಗ ಐತಿ."

ಒಂದು ವಾರದಿಂದ ಆ ಬಿಳಿ ಬೇಸಿನ್ ತಿಕ್ಕಿದಷ್ಟೂ ಕೆಂಪಾಗುತ್ತಿತ್ತು. ಸಾವಕಾರನ ಅಂಗಿಯ ಕಂಕುಳೂ ಅದೇ ಬಣ್ಣ. ಇಂದು ಅವಳು ಅಲ್ಲಿಯ ಕನ್ನಡಿ ಒರೆಸುವಾಗ ಹಿಂದೆ ಕೈ ಹೋಯಿತು. ಅಲ್ಲಿ ಶೀಟುಗಳಿದ್ದವು. ಒಂದೊಂದರ ಬೆನ್ನಿಗೂ ಮೀಸೆ.

ಕ್ಷಯ ತನಗೂ ಹತ್ತಿದೆಯೆಂದು ಗೊತ್ತಾದಾಗ, ರೋಗಿಗಳ ಸರ್ಕಾರಿ ಪುಸ್ತಕದಲ್ಲಿ ತನ್ನ ಹೆಸರು ಯಮನೂರನ ಹೆಸರಿನ ಕೆಳಗೆ ಬರುವುದಕ್ಕಿಂತ ಸಾಯುವುದು ಮೇಲು ಎಂದುಕೊಂಡಿದ್ದ ಗೋವಿಂದರಾಜ. ಆದರೆ ಸಾಯಲು ಮನಸ್ಸಿರಲಿಲ್ಲ. ಔಷಧಿ ಕೋಣೆಯವನು ಅವನ ಮಾತು ಮೀರುವವನಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಯಮನೂರ ತನ್ನ ಎಂಟು ಸಾಲು ಬಿಟ್ಟು ನೇರ ಕುರ್ಚಿಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ.

"ನನ್ನ ಗುಳಿಗಿ ಕೊಡ್ರಿ, ಸಾವ್ಕಾರ್ರ."

ಸಾವಕಾರ ಅವನ ಅವ್ವ, ಅಜ್ಜಿ, ಮುತ್ತಜ್ಜಿಯವರೆಗೆ ಹೋಗಿ ಬಂದ. ಅಷ್ಟೂ ಕೇಳಿಸಿಕೊಂಡು ಯಮನೂರ ಹೇಳಿದ:

"ಇಲ್ಲ ಅಂತೀರೇನು? ಹಂಗಾರ ಬರ್ರಿ, ಇಬ್ರೂ ಬದುವಿಗೆ ನಿಂದ್ರೋಣು. ನಿಮ್ಮದು ಬೆಳ್ಳಗ ಬಂದ್ರ ನಾ ಈ ಊರ ಬಿಡ್ತೀನಿ."

ಪಾರಮ್ಮ ಸಾಲಿನಿಂದ ಎದ್ದು ಬಂದು ಗಂಡನ ಪಕ್ಕ ಕೂತಳು. ಅವಳ ಹಿಂದೆ ಒಬ್ಬಳು, ಇನ್ನೊಬ್ಬಳು. ಹತ್ತು ನಿಮಿಷದಲ್ಲಿ ಐವತ್ತೂ ಜನ ಕುರ್ಚಿಯ ಸುತ್ತ. ಯಾರೂ ಕೂಗಲಿಲ್ಲ. ಮದುವೆಯಲ್ಲಿ ಗಂಡನ್ನು ನೋಡುವಂತೆ ಸಾವಕಾರನನ್ನು ನೋಡುತ್ತಾ ಎಲೆ ಅಡಿಕೆ ಹಾಕಿಕೊಂಡರು.

ಬೆಳಿಗ್ಗೆಯೇ ಎರಡು ಲೋಟ ಚಹಾ, ಒಂದು ತಂಬಿಗೆ ನೀರು ಕುಡಿದು ಬಂದಿದ್ದ ಸಾವಕಾರ. ಒಂಬತ್ತಕ್ಕೆ ಕಾಲಮೇಲೆ ಕಾಲು ಹಾಕಿದ. ಹತ್ತಕ್ಕೆ ಕಾಲು ಬದಲಿಸಿದ. ಎದ್ದರೆ ನೂರು ಕಣ್ಣು ಏಳುತ್ತಿದ್ದವು. ಎದ್ದು ಮನೆಗೆ ಹೋದರೆ ಹೊಲದ ಹೂವು ಕೈಬಿಟ್ಟಂತೆ. ಮಧ್ಯಾಹ್ನ ಬೀಜದ ಕಂಪನಿಯವನು ನೋಡಲು ಬರುವವನಿದ್ದ. ಹನ್ನೊಂದಕ್ಕೆ ಹೊತ್ತೇರಿತು. ಅವನ ಹಣೆಯಿಂದ ಬೆವರಿಳಿದು ಬಿಳಿ ಕಾಲರಿಗೆ ತಾಗಿತು. ಕಾಲರು ನಿಧಾನವಾಗಿ ಕಿತ್ತಳೆ ಸಿಪ್ಪೆಯ ಬಣ್ಣಕ್ಕೆ ತಿರುಗಿತು. ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಎಲೆ ಅಗಿಯುವುದನ್ನು ನಿಲ್ಲಿಸಿದಳು.

ಸಾವಕಾರ ಸೊಂಟದಿಂದ ಮನೆಯ ಕೀಲಿ ತೆಗೆದು ಪಾರಮ್ಮನ ಕಡೆ ಎಸೆದ. ಅವಳು ಹೋಗಿ ನೇರ ಕನ್ನಡಿಯ ಹಿಂದೆ ಕೈ ಹಾಕಿದಳು.

ಶೀಟುಗಳು ಬಂದವು. ಯಮನೂರ ಮೀಸೆಯ ಮೇಲೆ ಬೆರಳಾಡಿಸಿ ನೋಡಿದ, ಮೂರು ಗುಳಿಗೆ ಬಿಡಿಸಿ ನುಂಗಿದ. ಆಮೇಲೆ ಇನ್ನೂ ಮೂರು ಬಿಡಿಸಿದ. ತನ್ನ ತೆಂಗಿನ ಚಿಪ್ಪು ತಂದು, ಅದರಲ್ಲಿ ಅವನ್ನು ಹಾಕಿ, ಕುರ್ಚಿಯಿಂದ ಹತ್ತು ಹೆಜ್ಜೆ ದೂರ ನೆಲದ ಮೇಲಿಟ್ಟು ಹಿಂದೆ ಸರಿದ.

"ಇವತ್ತಿಂದು ತಗೋರಿ, ಒಂದಿನಾನೂ ಬಿಡಬಾರದಂತ. ನಾಳಿ ಹಮೀದಾಬಿ ಜೋಡಿ ಹೋಗಿ ಹೆಸರು ಬರಸ್ರಿ. ನನ್ನ ಹೆಸರಿನ ಕೆಳಗ ಭಾಳ ಜಾಗ ಐತಿ."

ಸಾವಕಾರ ಚಿಪ್ಪು ನೋಡಿದ. ಐವತ್ತು ಜನ ಸಾವಕಾರನನ್ನು ನೋಡಿದರು. ಹೊತ್ತು ನೆತ್ತಿಗೆ ಬಂತು. ಹೊಲದ ತುಂಬ ಹೂವುಗಳು ಸುಮ್ಮನೆ ಬಾಡತೊಡಗಿದವು. ಅವನು ಏಳಲೆಂದು ಕುರ್ಚಿಯ ಕೈ ಹಿಡಿದ. ಅರ್ಧ ಎದ್ದಿದ್ದ, ಅಷ್ಟೇ.

ಇಸ್ತ್ರಿ ಮಾಡಿದ ಬಿಳಿ ಧೋತರದ ಮೇಲೆ ಕೆಂಪು ಅರಳಿತು. ಅದು ಕಾಲಗುಂಟ ಇಳಿದು, ಬದು ದಾಟಿ, ಕರಿಮಣ್ಣಿನ ಸಾಲು ಹಿಡಿದು ಆಳುಗಳ ಕಾಲುಗಳ ನಡುವೆ ಹರಿಯಿತು. ಯಾರೂ ಕಾಲು ಎತ್ತಲಿಲ್ಲ.

ಯಮನೂರ ಬಗ್ಗಿ ನೋಡಿದ.

"ನೋಡ್ರಬೇ," ಎಂದ, "ಅದು ನಂದು."